ಕೊಂಡಿ ಕಳಚುವ ಕೈ

ಹಿರಿಯ ಸಾಹಿತಿಯೋ ರಂಗಕರ್ಮಿಯೋ ತೀರಿಕೊಂಡ ಮರುದಿನ ನಮ್ಮ ಪತ್ರಿಕೆಗಳಲ್ಲಿ ಒಂದು ವಾಕ್ಯ ತಪ್ಪದೆ ಕಾಣಿಸಿಕೊಳ್ಳುತ್ತದೆ: ‘ಮತ್ತೊಂದು ಕೊಂಡಿ ಕಳಚಿತು.’ ಓದಿ ಓದಿ ಸವೆದುಹೋದ ವಾಕ್ಯ. ಆದರೆ ಅದರ ಕ್ರಿಯಾಪದದ ಮುಂದೆ ಸ್ವಲ್ಪ ನಿಂತು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಕನ್ನಡದಲ್ಲಿ ‘ಕಳಚು’ ಎರಡೂ ಕಡೆ ಸಲ್ಲುವ ಮಾತು. ‘ಅವನು ಅಂಗಿ ಕಳಚಿದ’ ಎಂದರೆ ಕಳಚಿದವನೊಬ್ಬ ಇದ್ದಾನೆ. ‘ಕೊಂಡಿ ಕಳಚಿತು’ ಎಂದರೆ ಯಾರೂ ಇಲ್ಲ, ಕೊಂಡಿ ತಾನಾಗಿ ಕಳಚಿಕೊಂಡಿದೆ. ಸಾವಿನ ಸುದ್ದಿಗೆ ಇದು ಒಪ್ಪುತ್ತದೆ. ಅಲ್ಲಿ ‘ಯಾರು’ ಎಂದು ಕೇಳಿ ಉಪಯೋಗವಿಲ್ಲ. ಆದರೆ ಇದೇ ವ್ಯಾಕರಣವನ್ನು ನಾವು ಬೇರೆ ಕಡೆಯೂ ಧಾರಾಳವಾಗಿ ಬಳಸುತ್ತೇವೆ. ಅಡುಗೆಮನೆಯಲ್ಲಿ ಸದ್ದಾಗಿ ಅಮ್ಮ ‘ಏನೇ ಅದು?’ ಅಂದರೆ ಮಗಳು ‘ಲೋಟ ಒಡೀತು’ ಅನ್ನುತ್ತಾಳೆ. ಕಚೇರಿಯಲ್ಲಿ ಫೈಲು ಕಳೆದುಹೋಗುತ್ತದೆ, ಗುತ್ತಿಗೆ ನೌಕರರ ಅವಧಿ ಮುಗಿದುಹೋಗುತ್ತದೆ, ರಸ್ತೆ ಅಗಲವಾಗುತ್ತದೆ, ಮರ ಉರುಳುತ್ತದೆ.

ಸಂಸ್ಕೃತ ವೈಯಾಕರಣರು ಇದಕ್ಕೊಂದು ಹೆಸರಿಟ್ಟಿದ್ದರು: ಕರ್ಮಕರ್ತರಿ ಪ್ರಯೋಗ. ‘ಅನ್ನ ಬೇಯುತ್ತಿದೆ’ ಎನ್ನುವಾಗ ಬೇಯಿಸುವವಳ ಕರ್ಮವಾಗಬೇಕಿದ್ದ ಅನ್ನವೇ ಕರ್ತೃವಿನ ಮಣೆಯ ಮೇಲೆ ಕೂತಿರುತ್ತದೆ. ಹೀಗೇಕೆ ಹೇಳುತ್ತೇವೆ ಎಂಬುದಕ್ಕೆ ಅವರು ಕೊಡುವ ಕಾರಣ ನನಗೆ ಬಹಳ ಹಿಡಿಸಿದ್ದು. ಕೆಲಸ ಎಷ್ಟು ಸಲೀಸಾಗಿ ಆಗುತ್ತಿದೆ ಎಂದು ತೋರಿಸಬೇಕಾದಾಗ, ಮಾಡುವವರ ದುಡಿಮೆಯನ್ನು ಹೇಳುವ ಇಚ್ಛೆ ಮಾತಾಡುವವನಿಗೆ ಇರುವುದಿಲ್ಲವಂತೆ. ಆ ಸಲೀಸಿಗೆ ಅವರು ಬಳಸುವ ಪದ ‘ಸೌಕರ್ಯ’. ನಾವೀಗ ಅದೇ ಪದವನ್ನು ಬಸ್‌ಸ್ಟ್ಯಾಂಡಿನ ಶೌಚಾಲಯಕ್ಕೂ ಮೊಬೈಲ್ ಆ್ಯಪಿಗೂ ಬಳಸುತ್ತೇವೆ. ಆ ಅರ್ಥದಲ್ಲಿ ತೆಗೆದುಕೊಂಡರೂ ವೈಯಾಕರಣರ ಮಾತು ಹುಸಿಯಾಗುವುದಿಲ್ಲ. ಸೌಕರ್ಯ ಹೆಚ್ಚಿದ ಕಡೆ ಮಾಡಿದವರು ವಾಕ್ಯದಿಂದ ಜಾರಿಹೋಗುತ್ತಾರೆ.

ನನ್ನ ಪಿಎಚ್‌.ಡಿ. ವಿಷಯ ಕ್ರಿಯೆ ಮತ್ತು ಹೊಣೆ. ಒಂದು ಕೆಲಸ ‘ಆಯಿತು’ ಅನ್ನುವುದಕ್ಕೂ ಅದನ್ನು ಒಬ್ಬರು ‘ಮಾಡಿದರು’ ಅನ್ನುವುದಕ್ಕೂ ಇರುವ ಅಂತರ ಎಷ್ಟು ಎಂಬುದು ಅದರ ತಿರುಳು. ಈ ವಿಷಯದ ಪುಸ್ತಕಗಳಲ್ಲಿ ಬರುವ ಉದಾಹರಣೆಗಳು ಬಹಳ ಪುಟ್ಟವು: ಒಬ್ಬ ಕೈ ಎತ್ತುತ್ತಾನೆ, ಒಬ್ಬ ದೀಪದ ಸ್ವಿಚ್ ಒತ್ತುತ್ತಾನೆ. ಎರಡು ವರ್ಷದಿಂದ ನನ್ನ ತಲೆಯಲ್ಲಿ ಕೂತಿರುವ ಉದಾಹರಣೆಯೂ ಪುಟ್ಟದೇ, ಅಕ್ಷರಶಃ. ಆಟಿಕೆ ರೈಲಿನ ಎರಡು ಡಬ್ಬಿಗಳನ್ನು ಬೇರ್ಪಡಿಸುವುದು.

ಆಟಿಕೆ ಅಂದರೆ ಆ ಮಂದಿಗೆ ಸಿಟ್ಟು ಬರುತ್ತದೆ, ‘ಮಾದರಿ ರೈಲು’ ಅನ್ನಬೇಕು. ನಾನು ಓದುತ್ತಿರುವುದು ಅಮೆರಿಕದ ಮಧ್ಯಪಶ್ಚಿಮದ ಒಂದು ಊರಿನಲ್ಲಿ. ಇಲ್ಲಿ ವಾರಕ್ಕೊಂದು ಸಂಜೆ ಒಂದು ನೆಲಮಾಳಿಗೆಯಲ್ಲಿ ಹತ್ತು ಹನ್ನೆರಡು ಜನ ಸೇರಿ ಸಣ್ಣ ರೈಲುಗಳನ್ನು ಓಡಿಸುತ್ತಾರೆ. ಹೆಚ್ಚಿನವರು ನಿವೃತ್ತರು. ಗೋಡೆಗುಂಟ ಎದೆಮಟ್ಟದಲ್ಲಿ ಹಲಗೆ ಹಾಸಿ, ಅದರ ಮೇಲೆ ಬೆಟ್ಟ, ಹೊಳೆ, ಧಾನ್ಯದ ಗೋದಾಮು, ಹಳಿ ಎಲ್ಲ ಕಟ್ಟಿದ್ದಾರೆ. ಅದಕ್ಕೆ ‘ಲೇಔಟ್’ ಎಂದು ಹೆಸರು. (ಬೆಂಗಳೂರಿನವರಿಗೆ ಲೇಔಟ್ ಎಂದ ಕೂಡಲೇ ಮೂವತ್ತು-ನಲವತ್ತರ ಸೈಟು ನೆನಪಾಗುತ್ತದೆ. ಈ ಲೇಔಟಿನಲ್ಲಿ ಆ ಸೈಟು ಒಂದು ಚಪಾತಿಗಿಂತ ದೊಡ್ಡದೇನಲ್ಲ.) ಅಳತೆ 1:87. ಐದೂಮುಕ್ಕಾಲು ಅಡಿಯ ಮನುಷ್ಯ ಅಲ್ಲಿ ಎರಡು ಸೆಂಟಿಮೀಟರ್.

ರೈಲು ಸುಮ್ಮನೆ ಸುತ್ತುವುದನ್ನು ನೋಡಲು ಯಾರೂ ವರ್ಷಗಟ್ಟಲೆ ಬರುವುದಿಲ್ಲ. ಆಟವಿರುವುದು ಶಂಟಿಂಗ್‌ನಲ್ಲಿ: ಈ ಡಬ್ಬಿಯನ್ನು ಗೋದಾಮಿನ ಹಳಿಗೆ ಬಿಟ್ಟು, ಅಲ್ಲಿ ಖಾಲಿಯಾಗಿ ನಿಂತದ್ದನ್ನು ಎಳೆದುಕೊಂಡು, ಮುಂದಿನ ಊರಿಗೆ ಬೇಕಾದ ಸರತಿಯಲ್ಲಿ ಜೋಡಿಸುವುದು. ಇಂಗ್ಲೆಂಡಿನ ಅಲನ್ ರೈಟ್ ಎಂಬವರು ರೂಪಿಸಿದ ‘ಇಂಗಲ್‌ನುಕ್’ ಎಂಬ ಒಗಟು ಈ ಲೋಕದಲ್ಲಿ ಪ್ರಸಿದ್ಧ. ಮೂರೇ ಮೂರು ಹಳಿ, ಎಂಟು ಡಬ್ಬಿ. ಅದರಲ್ಲಿ ಐದನ್ನು ಹೇಳಿದ ಕ್ರಮದಲ್ಲಿ ನಿಲ್ಲಿಸಬೇಕು. ಎಂಟರಲ್ಲಿ ಐದನ್ನು ಸಾಲಾಗಿ ನಿಲ್ಲಿಸುವ ಬಗೆಗಳು 6,720. ಒಂದು ಪುಸ್ತಕದ ಕಪಾಟಿನಷ್ಟು ಉದ್ದದ ಹಲಗೆಯ ಮೇಲೆ ಒಬ್ಬರ ಆಯಸ್ಸಿಗಾಗುವಷ್ಟು ಕೆಲಸ. ಪ್ರತಿ ನಡೆಯಲ್ಲೂ ಒಂದಾದರೂ ಕೊಂಡಿ ಬಿಚ್ಚಬೇಕು.

ಬಿಚ್ಚುವುದು ಹೇಗೆ ಎಂಬಲ್ಲಿ ಪಂಗಡಗಳಿವೆ. ಅತ್ಯಂತ ಹಳೆಯ ಉಪಾಯ, ಕೈ ಹಾಕಿ ಡಬ್ಬಿಯನ್ನು ಎತ್ತಿ ಪಕ್ಕಕ್ಕಿಡುವುದು. ಹಬೆ ಇಂಜಿನ್‌ಗಳನ್ನು ಚಕ್ರಗಳ ಲೆಕ್ಕದಲ್ಲಿ 0-6-0, 2-8-0 ಎಂದು ಕರೆಯುವ ರೂಢಿಯಿದೆಯಲ್ಲ, ಅದನ್ನೇ ಹಿಡಿದು ಈ ಕೈಗೆ ‘0-5-0’ ಎಂದು ತಮಾಷೆಯ ಹೆಸರು: ಐದು ಬೆರಳಿನ ಶಂಟಿಂಗ್ ಇಂಜಿನ್. ತಮಾಷೆಯ ಅಡಿಯಲ್ಲಿ ನಾಚಿಕೆಯೂ ಇದೆ. ಲೆಕ್ಕ ಹಾಕಿ ನೋಡಿ. ಹದಿನೆಂಟು ಸೆಂಟಿಮೀಟರಿನ ನನ್ನ ಅಂಗೈ ಆ ಲೋಕದ ಅಳತೆಯಲ್ಲಿ ಸುಮಾರು 16 ಮೀಟರ್ ಉದ್ದ. ಅಲ್ಲಿ ಓಡಾಡುವ ನಲವತ್ತಡಿಯ ಸರಕು ಡಬ್ಬಿ 12 ಮೀಟರ್ ಚಿಲ್ಲರೆ. ಅಂದರೆ ಮೋಡವಿಲ್ಲದ ಆಕಾಶದಿಂದ ಒಂದು ಗಾಡಿಗಿಂತ ಉದ್ದದ ಕೈ ಇಳಿದು ಬಂದು ಗಾಡಿಯನ್ನೆತ್ತುತ್ತದೆ. ವರ್ಷಾನುಗಟ್ಟಲೆ ಕೂತು ತುಕ್ಕಿನ ಬಣ್ಣ ಬಳಿದು, ಹುಲ್ಲು ಅಂಟಿಸಿ ಕಟ್ಟಿದ ಭ್ರಮೆ ಆ ಕ್ಷಣಕ್ಕೆ ಪುಡಿಪುಡಿ.

ಎರಡನೆಯದು ಬಿದಿರು ಕಡ್ಡಿ. ಕಬಾಬಿಗೆ ಚುಚ್ಚುವ ಅದೇ ಕಡ್ಡಿಯ ಮೊನೆಯನ್ನು ಎರಡು ಕೊಂಡಿಗಳ ನಡುವೆ ಮೇಲಿನಿಂದ ಇಳಿಸಿ ತುಸು ತಿರುಚಿದರೆ ಅವು ಬಿಡಿಸಿಕೊಳ್ಳುತ್ತವೆ. ಕಾಸಿಲ್ಲದ ಉಪಾಯ, ಕೈ ನಡುಗಬಾರದು, ಬಗ್ಗಿ ನೋಡಬೇಕು, ರೈಲಿನ ಜತೆಜತೆಗೇ ನಡೆಯಬೇಕು.

ಮೂರನೆಯದು ಅಯಸ್ಕಾಂತ. ಇದರ ಬಗ್ಗೆ ವಿವರವಾಗಿ ಹೇಳಬೇಕು, ಯಾಕೆಂದರೆ ಇಷ್ಟು ಚೆಂದದ ಯಂತ್ರೋಪಾಯ ನಾನು ಹೆಚ್ಚು ನೋಡಿಲ್ಲ. ಆರಿಗನ್ ರಾಜ್ಯದ ಅವಳಿ ಸೋದರರು, ಕೀತ್ ಮತ್ತು ಡೇಲ್ ಎಡ್ವರ್ಡ್ಸ್, ತಮ್ಮ ಹೆಸರಿನ ಮೊದಲಕ್ಷರ ಕೂಡಿಸಿ ‘ಕೇಡೀ’ ಎಂಬ ಕಂಪನಿ ಮಾಡಿದರು. (ನಮ್ಮ ಕಡೆಯ ಪೊಲೀಸರ ಪಟ್ಟಿಯ ಕೇಡಿಗೂ ಇದಕ್ಕೂ ಸಂಬಂಧವಿಲ್ಲ.) ಅವರ ಕೊಂಡಿಯ ಕೆಳಗೆ ಒಂದು ಸಣ್ಣ ಬಾಗಿದ ತಂತಿ ನೇತಾಡುತ್ತಿರುತ್ತದೆ. ಹಳಿಗಳ ನಡುವೆ ಅಯಸ್ಕಾಂತದ ಪಟ್ಟಿ. ರೈಲು ಎಳೆದುಕೊಂಡು ಹೋಗುತ್ತಿರುವಾಗ ಆ ಪಟ್ಟಿಯ ಮೇಲೆ ಹಾದರೂ ಏನೂ ಆಗುವುದಿಲ್ಲ, ಎಳೆತ ಕೊಂಡಿಗಳನ್ನು ಬಿಗಿಯಾಗಿ ಹಿಡಿದಿರುತ್ತದೆ. ಆದರೆ ಸರಿಯಾಗಿ ಅದರ ಮೇಲೆ ನಿಲ್ಲಿಸಿ, ಇಂಜಿನ್ನನ್ನು ಒಂದು ಕೂದಲೆಳೆಯಷ್ಟು ಹಿಂದಕ್ಕೆ ತಂದು ಸಡಿಲಗೊಳಿಸಿದರೆ ಎರಡೂ ತಂತಿಗಳು ಒಂದೊಂದು ಮಗ್ಗುಲಿಗೆ ಸರಿಯುತ್ತವೆ, ಕೊಂಡಿಗಳ ಬಾಯಿ ತೆರೆದುಕೊಳ್ಳುತ್ತದೆ. ಇಂಜಿನ್ ತುಸು ಮುಂದೆ ಬಂದು ಮತ್ತೆ ಹಿಂದಕ್ಕೆ ತಳ್ಳಿದರೆ ಇನ್ನೂ ಸೋಜಿಗ: ಈಗ ಎರಡು ಕೊಂಡಿಗಳೂ ಒಂದಕ್ಕೊಂದು ಒರಗಿರುತ್ತವೆ, ಹಿಡಿದುಕೊಂಡಿರುವುದಿಲ್ಲ. ಹಾಗೆಯೇ ತಳ್ಳುತ್ತ ಹೋಗಿ ಬೇಕಾದಲ್ಲಿ ಡಬ್ಬಿಯನ್ನು ನಿಲ್ಲಿಸಿ ಇಂಜಿನ್ ಹಿಂದಿರುಗಬಹುದು. ನೋಡುವವರಿಗೆ ಜತೆಯಲ್ಲಿ ಬಂದಂತೆಯೇ ಕಾಣುತ್ತದೆ; ಬೇರ್ಪಟ್ಟದ್ದು ಎರಡಡಿ ಹಿಂದೆಯೇ.

ಎಷ್ಟೋ ಸಂಸಾರಗಳು, ಎಷ್ಟೋ ಗೆಳೆತನಗಳು ಹೀಗೇ ನಡೆಯುತ್ತವೆ ಎಂದು ಇಲ್ಲಿ ಒಂದು ಪ್ಯಾರಾ ಬರೆಯಬಹುದು. ಬೇಡ. ರೈಲಿಗೆ ರೈಲಿನದೇ ಕತೆಯಿದೆ, ಅದು ಇದಕ್ಕಿಂತ ಕಟುವಾದದ್ದು.

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಡಬ್ಬಿಗಳನ್ನು ಜೋಡಿಸುತ್ತಿದ್ದದ್ದು ಒಂದು ಕಬ್ಬಿಣದ ಬಳೆ ಮತ್ತು ಒಂದು ಗೂಟದಿಂದ. ಒಂದು ಡಬ್ಬಿ ನಿಂತಿರುತ್ತದೆ, ಇನ್ನೊಂದು ಹಿಂದಕ್ಕೆ ಬರುತ್ತಿರುತ್ತದೆ. ಬ್ರೇಕ್‌ಮನ್ ಎರಡರ ನಡುವೆ ನಿಂತು ಆ ಬಳೆಯನ್ನು ಕೈಯಲ್ಲಿ ಹಿಡಿದು ಎದುರಿನ ಗೂಡಿಗೆ ತೂರಿಸಿ, ಕ್ಷಣಾರ್ಧದಲ್ಲಿ ಕೈ ಎಳೆದುಕೊಂಡು ಗೂಟ ಇಳಿಸಬೇಕು. ಬಿಚ್ಚುವಾಗಲೂ ನಡುವೆಯೇ ಹೋಗಬೇಕು. ಕೆಲಸ ಕೇಳಿಕೊಂಡು ಬಂದವನ ಅನುಭವವನ್ನು ಇಲ್ಲದ ಬೆರಳುಗಳನ್ನು ಎಣಿಸಿ ತಿಳಿಯುತ್ತಿದ್ದರು ಎಂಬ ಮಾತು ರೈಲ್ವೆಯ ಕತೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅಯೋವಾದ ರೈತ ಲೊರೆಂಜೊ ಕಾಫಿನ್ ಗೂಡ್ಸ್ ಗಾಡಿಯಲ್ಲಿ ಪ್ರಯಾಣಿಸುತ್ತಿದ್ದಾಗ ಒಬ್ಬ ಬ್ರೇಕ್‌ಮನ್ ಕಣ್ಣೆದುರೇ ಬೆರಳು ಕಳೆದುಕೊಂಡದ್ದನ್ನು ಕಂಡನಂತೆ. ಮುಂದೆ ಅವನು ತನ್ನ ರಾಜ್ಯದ ರೈಲ್ವೆ ಕಮಿಷನರನಾದ. ಊರೂರು ತಿರುಗಿ, ಸಭೆಸಭೆಗಳಲ್ಲಿ ಎದ್ದು ನಿಂತು ಇದೊಂದೇ ಮಾತಾಡಿದ. ಅಷ್ಟರಲ್ಲಿ ವರ್ಜೀನಿಯಾದ ಒಬ್ಬ ಅಂಗಡಿ ಗುಮಾಸ್ತ, ಈಲೈ ಜ್ಯಾನಿ, ಮರ ಕೆತ್ತಿ ನಮೂನೆ ಮಾಡಿ 1873ರಲ್ಲಿ ಹೊಸ ಕೊಂಡಿಗೆ ಪೇಟೆಂಟ್ ಪಡೆದಿದ್ದ. ಡಿಕ್ಕಿ ಹೊಡೆದರೆ ತಾನೇ ಹಿಡಿದುಕೊಳ್ಳುವ ಕೊಂಡಿ; ಬಿಚ್ಚಬೇಕಾದರೆ ಡಬ್ಬಿಯ ಮೂಲೆಯಲ್ಲಿ ಹೊರಗೆ ನಿಂತು ಒಂದು ಸರಳನ್ನೆತ್ತಿದರೆ ಸಾಕು. ಅದರ ಆಕಾರ ನೋಡಬೇಕು: ಬೆರಳು ಮಡಚಿದ ಎರಡು ಕೈ ಒಂದನ್ನೊಂದು ಹಿಡಿದ ಹಾಗೆ. ಕೈಗಳನ್ನು ಉಳಿಸಲು ಬಂದ ಸಾಧನ ಕೈಯ ರೂಪದಲ್ಲೇ ಬಂತು.

ಕಾನೂನಾಗಲು ಮತ್ತೆ ಇಪ್ಪತ್ತು ವರ್ಷ ಬೇಕಾಯಿತು. 1893ರ ಮಾರ್ಚ್ 2ರಂದು ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಸಹಿ ಹಾಕಿದ ಆ ಕಾಯ್ದೆಯ ಸಾರವಿಷ್ಟು: ಡಬ್ಬಿಗಳು ತಾಗಿದ ಕೂಡಲೇ ತಾವಾಗಿ ಕೂಡಿಕೊಳ್ಳಬೇಕು, ಮತ್ತು ಮನುಷ್ಯರು ಎರಡರ ನಡುವೆ ಹೋಗುವ ಅಗತ್ಯವಿಲ್ಲದೆ ಬಿಚ್ಚುವಂತಿರಬೇಕು. ಕೊಂಡಿಯ ಕಾನೂನಿನೊಳಗೆ ‘ಮನುಷ್ಯರು’ ಎಂಬ ಪದ ಇರುವುದನ್ನು ಗಮನಿಸಿ. ನಾನು ಮುಂದೆ ಹೇಳಬೇಕಾದ್ದೆಲ್ಲ ಈ ಪದದ ಸುತ್ತಲೇ ಇದೆ.

ಕಾಯ್ದೆ ಪೂರ್ತಿ ಜಾರಿಗೆ ಬಂದ 1900ರ ಆಗಸ್ಟ್ ತಿಂಗಳಲ್ಲೇ ಯೂಟಾದ ಪ್ರಾಮಂಟರಿಯಲ್ಲಿ ಜಾನ್ಸನ್ ಎಂಬ ಬ್ರೇಕ್‌ಮನ್ ಒಂದು ಇಂಜಿನ್ನಿಗೆ ಊಟದ ಡಬ್ಬಿಯನ್ನು ಜೋಡಿಸಲು ಹೋಗಿ ಕೈ ಕಳೆದುಕೊಂಡ. ಇಂಜಿನ್ನಿಗಿದ್ದದ್ದು ಜ್ಯಾನಿ ಕೊಂಡಿ, ಡಬ್ಬಿಗಿದ್ದದ್ದು ಮಿಲ್ಲರ್ ಕೊಂಡಿ. ಎರಡೂ ಸ್ವಯಂಚಾಲಿತವೇ, ಆದರೆ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಕೆಳಗಿನ ನ್ಯಾಯಾಲಯಗಳು ಕಂಪನಿಯ ಪರವಾಗಿ ತೀರ್ಪು ಕೊಟ್ಟವು: ಇಂಜಿನ್ ಎಂಬುದು ‘ಡಬ್ಬಿ’ಯಲ್ಲ, ಅಲ್ಲದೆ ಎರಡಕ್ಕೂ ಕಾನೂನು ಹೇಳಿದಂಥ ಕೊಂಡಿ ಇದ್ದೇ ಇದೆಯಲ್ಲ! 1904ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ತಳ್ಳಿಹಾಕಿತು. ಇಂಜಿನ್ನೂ ಡಬ್ಬಿಯೇ; ಕೊಂಡಿಗಳು ತಮ್ಮ ಜಾತಿಯವುಗಳೊಂದಿಗೆ ಮಾತ್ರವಲ್ಲ, ಪರಸ್ಪರ ಕೂಡಿಕೊಳ್ಳಬೇಕು; ಯಾಕೆಂದರೆ ಕಾಯ್ದೆ ಬಂದದ್ದು ಕೊಂಡಿಗಳಿಗಾಗಿ ಅಲ್ಲ, ನಡುವೆ ಹೋಗುವವನಿಗಾಗಿ ಎಂಬುದು ಆ ತೀರ್ಪಿನ ತಾತ್ಪರ್ಯ. ಪೂರ್ವ ಪಶ್ಚಿಮ ಕರಾವಳಿಗಳನ್ನು ಬೆಸೆಯುವ ಹಳಿಗಳು 1869ರಲ್ಲಿ ಬಂದು ಕೂಡಿದ್ದೂ, ಚಿನ್ನದ ಮೊಳೆ ಹೊಡೆದು ಸಂಭ್ರಮಿಸಿದ್ದೂ ಇದೇ ಪ್ರಾಮಂಟರಿಯಲ್ಲಿ. ಮೊಳೆಯ ಕತೆ ಎಲ್ಲ ಪಠ್ಯಪುಸ್ತಕಗಳಲ್ಲಿದೆ. ಕೈಯ ಕತೆ ಕಾನೂನಿನ ವರದಿಗಳಲ್ಲಿದೆ.

ಈಗ ನೆಲಮಾಳಿಗೆಗೆ ಬರೋಣ. ನನ್ನನ್ನು ಕಾಡಿದ ವಿಷಯ ಇದು: ಮಾದರಿ ರೈಲಿನವರು ಬಯಸುವುದೂ ಅದನ್ನೇ, ಗಾಡಿಗಳ ನಡುವೆ ಕೈ ಹೋಗಬಾರದು ಎಂಬುದನ್ನು. ಬೇಡಿಕೆ ಒಂದೇ, ಕಾರಣ ಬೇರೆ. ಕಾಯ್ದೆ ಕೈಯನ್ನು ತೆಗೆದದ್ದು ಕೈ ಉಳಿಯಲಿ ಎಂದು. ಹವ್ಯಾಸಿ ಕೈಯನ್ನು ತೆಗೆಯುವುದು ನೋಟ ಉಳಿಯಲಿ ಎಂದು. ಆಕಾಶದ ದೈತ್ಯ ಕೈಯನ್ನು ಓಡಿಸಿದ್ದು ಸರಿಯೇ. ಆದರೆ ಅದರೊಂದಿಗೆ ಎರಡು ಮಿಲಿಮೀಟರಿನ ಇನ್ನೊಂದು ಕೈಯೂ, ಆ ಲೋಕದೊಳಗಿನ ಬ್ರೇಕ್‌ಮನ್ನಿನ ಕೈಯೂ, ಲೆಕ್ಕದಿಂದ ಹೊರಟುಹೋಯಿತು. ಅಯಸ್ಕಾಂತದ ಮೇಲೆ ಡಬ್ಬಿ ಬಿಟ್ಟು ಇಂಜಿನ್ ಸರಿದಾಗ ನಡೆದದ್ದನ್ನು ಹೇಳಲು ಕನ್ನಡದಲ್ಲಿ ಒಂದೇ ವಾಕ್ಯ: ಕೊಂಡಿ ಕಳಚಿತು.

ನನ್ನ ದೊಡ್ಡಪ್ಪ ಅರಸೀಕೆರೆಯ ಕಡೆ ಪಾಯಿಂಟ್ಸ್‌ಮನ್ ಆಗಿ ನಿವೃತ್ತರಾದವರು. ಕೇಡೀ ಕೊಂಡಿ ಬಿಚ್ಚಿಕೊಳ್ಳುವ ಒಂದು ವಿಡಿಯೊ ಮಾಡಿ ಅವರಿಗೆ ಕಳಿಸಿದ್ದೆ. ಸಂಜೆ ಕರೆ ಮಾಡಿದರು. ಬೆಟ್ಟ ಚೆನ್ನಾಗಿದೆ, ಗೋದಾಮು ಚೆನ್ನಾಗಿದೆ ಎಂದೆಲ್ಲ ಆದ ಮೇಲೆ ಕೇಳಿದರು: “ಎಲ್ಲಾ ಸರಿ, ಯಾರವ್ವ ಬಿಚ್ಚಿದ್ದು?”

“ಯಾರೂ ಇಲ್ಲ ದೊಡ್ಡಪ್ಪ. ಕೆಳಗೆ ಮ್ಯಾಗ್ನೆಟ್ ಐತೆ.”

“ಅದಲ್ಲ ಕಣವ್ವ. ಅಲ್ಲಿ ಯಾರು ಬಿಚ್ಚಿದ್ದು?” ಅಂದರು. ‘ಅಲ್ಲಿ’ ಅಂದರೆ ಆ ಎರಡು ಸೆಂಟಿಮೀಟರಿನ ಲೋಕದಲ್ಲಿ. ನಾನು ಸುಮ್ಮನಿದ್ದದ್ದಕ್ಕೆ ಅವರೇ ತಮ್ಮ ಕೆಲಸ ಹೇಳತೊಡಗಿದರು. ನಮ್ಮ ಹಳೆಯ ಪ್ರಯಾಣಿಕ ಬೋಗಿಗಳಿಗಿದ್ದದ್ದು ಸ್ಕ್ರೂ ಕಪ್ಲಿಂಗ್: ಎರಡು ಬಫರ್‌ಗಳ ನಡುವೆ ಬಗ್ಗಿ ನುಸುಳಿ, ಸ್ಕ್ರೂ ತಿರುಗಿಸಿ ಸಡಿಲ ಮಾಡಿ, ಭಾರದ ಕಬ್ಬಿಣವನ್ನು ಕೊಕ್ಕೆಯಿಂದ ಎತ್ತಿ ಕೆಳಗೆ ಬಿಡಬೇಕು. “ಮೊದ್ಲು ಇಂಜಿನ್ನ ಒಂಚೂರು ಒತ್ತಿಸ್ಬೇಕು. ಬಫರ್ ಒಳಕ್ಕೋದ್ರೆ ಸಡ್ಲ ಆಯ್ತದೆ. ಎಳ್ಕೊಂಡು ನಿಂತಿರೋ ಗಾಡೀನ ಯಾವ ಭೀಮ ಬಂದ್ರೂ ಬಿಚ್ಚಕಾಗಲ್ಲ.” ಬಿಚ್ಚುವ ಮೊದಲು ಹತ್ತಿರ ತರಬೇಕು ಎಂಬ ಈ ನಿಯಮ ಸ್ಕ್ರೂವಿಗೂ ಜ್ಯಾನಿಗೂ ಕೇಡೀಗೂ ಒಂದೇ. ಆ ಒತ್ತುವ ಗಳಿಗೆಯಲ್ಲಿ ಒಳಗೆ ಯಾರಿದ್ದಾರೆ ಎಂಬುದರಲ್ಲಷ್ಟೇ ವ್ಯತ್ಯಾಸ.

‘ಹಳೆಯ’ ಬೋಗಿ ಎಂದೆ, ಬಹಳ ಹಳೆಯದೇನಲ್ಲ. ಆ ಮಾದರಿಯ ಐಸಿಎಫ್ ಬೋಗಿಗಳ ತಯಾರಿಕೆ ಪೆರಂಬೂರಿನಲ್ಲಿ ನಿಂತದ್ದು 2018ರಲ್ಲಿ. ಈಗ ಬರುತ್ತಿರುವ ಎಲ್‌ಎಚ್‌ಬಿ ಬೋಗಿಗಳಿಗೆ ಜ್ಯಾನಿ ವಂಶದ ಕೊಂಡಿಯೇ ಇದೆ. ಹಾಗಾದರೆ ಇನ್ನು ನಡುವೆ ಯಾರೂ ಹೋಗಬೇಕಿಲ್ಲವೆ? ಹೋಗಬೇಕು. ಬ್ರೇಕಿನ ಗಾಳಿ ಸಾಗುವ ರಬ್ಬರ್ ಕೊಳವೆಗಳನ್ನು ಕೂಡಿಸುವುದೂ ಬಿಡಿಸುವುದೂ ಮನುಷ್ಯರೇ. 2024ರ ನವೆಂಬರ್‌ನಲ್ಲಿ ಬಿಹಾರದ ಬರೌನಿ ಜಂಕ್ಷನ್ನಿನಲ್ಲಿ ಶಂಟಿಂಗ್ ನಡೆಯುವಾಗ ಒಬ್ಬ ನೌಕರರು ಇಂಜಿನ್ನಿಗೂ ಬೋಗಿಗೂ ನಡುವೆ ಸಿಕ್ಕಿ ತೀರಿಕೊಂಡರು. ಆ ಚಿತ್ರ ಎರಡು ದಿನ ಎಲ್ಲರ ಫೋನುಗಳಲ್ಲಿ ಓಡಾಡಿತು.

ಅಮೆರಿಕದಲ್ಲೂ ಇವತ್ತಿಗೂ ಕೊಳವೆ ಜೋಡಿಸಲು ಒಬ್ಬರು ಬಗ್ಗಿ ಒಳಗೆ ಹೋಗಲೇಬೇಕು. ಬಿಚ್ಚುವಾಗ ಡಬ್ಬಿ ದೂರ ಸರಿದಂತೆ ಕೊಳವೆ ತಾನೇ ಬಿಟ್ಟುಕೊಳ್ಳುತ್ತದೆ ನಿಜ, ಆದರೆ ಅದಕ್ಕೆ ಮೊದಲು ಗಾಳಿಯ ತಿರುಪನ್ನು ಮುಚ್ಚಲು ಕೈ ಒಳಗೆ ಚಾಚಬೇಕು. ಒಳಗೆ ಹೋಗುವವರು ರೇಡಿಯೊದಲ್ಲಿ ಚಾಲಕನಿಂದ ಮೂರು ಹಂತದ ರಕ್ಷಣೆ ಕೇಳುತ್ತಾರೆ: ಬ್ರೇಕ್ ಹಾಕಿದ್ದಾಯಿತು, ಇಂಜಿನ್ನನ್ನು ನ್ಯೂಟ್ರಲ್ಲಿಗೆ ತಂದದ್ದಾಯಿತು, ಮೋಟಾರಿಗೆ ಶಕ್ತಿ ಹೋಗದಂತೆ ಕಡಿದದ್ದಾಯಿತು. ಉತ್ತರ ಬರುವವರೆಗೆ ಕಾಲಿಡುವಂತಿಲ್ಲ.

ಕೇಡೀ ಕೊಂಡಿಯ ಕೆಳಗೆ ನೇತಾಡುವ ಬಾಗಿದ ತಂತಿಯ ವಿಚಾರ ಹೇಳಿದೆನಲ್ಲ. ಅಯಸ್ಕಾಂತ ಹಿಡಿದೆಳೆಯುವುದು ಅದನ್ನೇ. ಅದು ಆ ಆಕಾರದಲ್ಲಿ ಯಾಕಿದೆ ಗೊತ್ತೆ? ನೋಡುವವರ ಕಣ್ಣಿಗೆ ಅದು ಬ್ರೇಕಿನ ಗಾಳಿಯ ಕೊಳವೆಯಂತೆ ಕಾಣಲಿ ಎಂದು. ಯಾವ ಕೊಳವೆಗಾಗಿ ನಿಜವಾದ ರೈಲಿನಲ್ಲಿ ಇವತ್ತಿಗೂ ಒಬ್ಬ ಮನುಷ್ಯ ಬಗ್ಗಬೇಕೋ, ಮಾದರಿಯಲ್ಲಿ ಅದೇ ಕೊಳವೆಯ ವೇಷ ಹಾಕಿಕೊಂಡ ತಂತಿ ಆ ಮನುಷ್ಯನೇ ಬೇಡ ಎನ್ನುವ ಕೆಲಸ ಮಾಡುತ್ತದೆ. ಕೇಡೀ ಸೋದರರು ಇದನ್ನೆಲ್ಲ ಯೋಚಿಸಿ ಮಾಡಿದರು ಎಂದು ನಾನು ಹೇಳುತ್ತಿಲ್ಲ; ಅವರಿಗೆ ಕಣ್ಣಿಗೆ ಕುಕ್ಕದ ಜಾಗವೊಂದು ಬೇಕಿತ್ತು, ಕೊಳವೆಯ ಜಾಗ ಸಿಕ್ಕಿತು. ಸೌಕರ್ಯ ಹೀಗೇ ಕೆಲಸ ಮಾಡುತ್ತದೆ. ಯಾರ ದುರುದ್ದೇಶವೂ ಬೇಕಿಲ್ಲ.

‘ಅಯ್ಯೋ, ಆಟದ ರೈಲಿನ ಮೇಲೆ ಇಷ್ಟೆಲ್ಲ ಹೊರಿಸಬೇಕೆ?’ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಮಾದರಿ ಎಂದಮೇಲೆ ಬಿಡಲೇಬೇಕು. ಆ ಲೋಕದಲ್ಲಿ ಹೊಗೆಯ ವಾಸನೆಯಿಲ್ಲ, ಮಳೆಯಿಲ್ಲ, ಬಡ್ಡಿಯ ಮೇಲೆ ಸಾಲ ತಂದ ರೈತನಿಲ್ಲ. ಎಲ್ಲವನ್ನೂ ಇಟ್ಟುಕೊಂಡ ಮಾದರಿ ಲೋಕವೇ ಆಗಿಬಿಡುತ್ತದೆ, ಅದಕ್ಕೆ ನೆಲಮಾಳಿಗೆ ಸಾಲದು. ಆದರೆ ಬಿಡುವುದರಲ್ಲಿ ಎರಡು ಬಗೆಯಿದೆ ಎಂದು ನನಗನ್ನಿಸುತ್ತದೆ. ಮಳೆಯನ್ನು ಬಿಟ್ಟ ಜಾಗ ಖಾಲಿಯಾಗಿ ಉಳಿದಿರುತ್ತದೆ, ಅಲ್ಲಿ ಮಳೆಯಿಲ್ಲ ಎಂದು ಯಾರಿಗೂ ಗೊತ್ತಾಗುತ್ತದೆ. ಬ್ರೇಕ್‌ಮನ್ನನ್ನು ಬಿಟ್ಟ ಜಾಗದಲ್ಲಿ ಕೆಲಸ ನಡೆಯುತ್ತಲೇ ಇದೆ. ಅದು ಬಿಟ್ಟ ಹಾಗೆ ಕಾಣುವುದೇ ಇಲ್ಲ. ‘ಅನ್ನ ಬೇಯುತ್ತಿದೆ’ ಎಂಬ ವಾಕ್ಯದಲ್ಲಿ ಒಲೆಯ ಮುಂದಿನವಳು ಕೊರತೆಯಾಗಿ ಕಾಣಿಸುತ್ತಾಳೆಯೆ? ವಾಕ್ಯ ಪೂರ್ತಿಯಾಗಿಯೇ ಇದೆ. ನನ್ನ ತಕರಾರು ಇರುವುದು ಈ ಪೂರ್ತಿತನದ ಮೇಲೆ.

ಈ ಲೋಕದ ದಂತಕತೆ ಕ್ಯಾಲಿಫೋರ್ನಿಯಾದ ಜಾನ್ ಆಲೆನ್. ಅವರು ರೂಪಿಸಿ 1972ರಲ್ಲಿ ಪ್ರಕಟಿಸಿದ ಶಂಟಿಂಗ್ ಒಗಟಿನ ಹೆಸರು ‘ಟೈಮ್‌ಸೇವರ್’. ಗಡಿಯಾರ ಇಟ್ಟು ಯಾರು ಬೇಗ ಡಬ್ಬಿಗಳನ್ನು ಜಾಗಕ್ಕೆ ಸೇರಿಸುತ್ತಾರೆ ಎಂದು ಅತಿಥಿಗಳನ್ನು ಆಡಿಸುವ ಆಟ. ಬಹಳ ಮಜಾ ಕೊಡುವ ಆಟ, ನಾನೂ ಆಡಿದ್ದೇನೆ. ಆದರೆ ನಿಜವಾದ ಯಾರ್ಡ್‌ನಲ್ಲಿ ಆತುರವೆಂದರೆ ಏನೆಂದು ತಿಳಿದವರು ಅದನ್ನು ಒಪ್ಪುವುದು ಕಷ್ಟ. ಸಮಯ ಉಳಿಸಲು ಹೋಗಿ ಬೆರಳು ಹೋದವರ ಕೆಲಸವನ್ನೇ ಸಮಯ ಉಳಿಸುವ ಪಂದ್ಯ ಮಾಡಬಹುದಾದದ್ದು ಆ ಬೆರಳು ಹಲಗೆಯ ಮೇಲೆ ಎಲ್ಲೂ ಇಲ್ಲದ್ದರಿಂದ.

ಇಷ್ಟು ಹೇಳಿ ನಾನು ಬಿದಿರು ಕಡ್ಡಿಯ ಪಂಗಡಕ್ಕೆ ಸೇರಿಬಿಟ್ಟೆ ಎಂದುಕೊಳ್ಳಬಹುದು. ಬಹುಮಟ್ಟಿಗೆ ನಿಜ. ನಮ್ಮ ಕ್ಲಬ್ಬಿನಲ್ಲಿ ನಿಜವಾದ ರೈಲಿನಲ್ಲಿ ಕಂಡಕ್ಟರ್ ಆಗಿದ್ದ ಒಬ್ಬ ಹಿರಿಯರಿದ್ದಾರೆ. ಅವರು ಕಡ್ಡಿಯಿಂದ ಬಿಚ್ಚುತ್ತಾರೆ. ಡಬ್ಬಿಗಳನ್ನು ಕೂಡಿಸಿದ ಮೇಲೆ ರೈಲು ಹೊರಡಿಸದೆ ಸುಮ್ಮನೆ ನಿಲ್ಲುತ್ತಾರೆ, ತುಟಿ ಮಾತ್ರ ಅಲ್ಲಾಡುತ್ತಿರುತ್ತದೆ. ಏನು ಮಾಡುತ್ತಿದ್ದೀರಿ ಎಂದು ಮೊದಲ ಸಲ ಕೇಳಿದಾಗ, “ಅವನು ಕೊಳವೆ ಜೋಡಿಸುತ್ತಿದ್ದಾನೆ” ಅಂದರು. ಮೂವತ್ತರವರೆಗೆ ಎಣಿಸುತ್ತಾರೆ. ಅಷ್ಟೂ ಹೊತ್ತು ಹಿಂದಿನ ರೈಲಿನವರು ಕಾಯಬೇಕು, ಗೊಣಗುತ್ತಾರೆ. ಆ ಎಣಿಕೆಯಲ್ಲಿ ಬೇರೆಲ್ಲೂ ಇಲ್ಲದ ಆ ಎರಡು ಸೆಂಟಿಮೀಟರಿನ ಮನುಷ್ಯ ಬಗ್ಗಿ ಎದ್ದು ಹೊರಗೆ ಬಂದು ಕೈ ಬೀಸುತ್ತಾನೆ. ಅಯಸ್ಕಾಂತ ಇಟ್ಟುಕೊಂಡವರೂ ಎಣಿಸಬಹುದು, ತಡೆಯುವವರು ಯಾರೂ ಇಲ್ಲ. ನಾನು ಕಂಡಂತೆ ಎಣಿಸುವುದಿಲ್ಲ. ಕೈಗೆ ಕೆಲಸವಿಲ್ಲದಿದ್ದರೆ ಕಾಯಲು ಕಾರಣವೂ ಇರುವುದಿಲ್ಲ.

ಆದರೆ ಅದೇ ಕ್ಲಬ್ಬಿನಲ್ಲಿ ಪಾರ್ಕಿನ್ಸನ್ ಇರುವ ಮತ್ತೊಬ್ಬರಿದ್ದಾರೆ. ಅವರ ಕೈಗೆ ಕಡ್ಡಿ ಕೊಟ್ಟರೆ ಎರಡು ಡಬ್ಬಿ ಹಳಿ ತಪ್ಪುತ್ತವೆ, ಸುತ್ತಲಿನವರು ಬೇರೆಲ್ಲೋ ನೋಡುತ್ತಿರುವಂತೆ ನಟಿಸಬೇಕಾಗುತ್ತದೆ. ಅಯಸ್ಕಾಂತದ ಯಾರ್ಡ್‌ನಲ್ಲಿ ಅವರಷ್ಟು ನಾಜೂಕಾಗಿ ಶಂಟಿಂಗ್ ಮಾಡುವವರು ಇನ್ನೊಬ್ಬರಿಲ್ಲ. ಹೆಬ್ಬೆರಳಿನ ತುದಿಯಲ್ಲಿ ಗುಬ್ಬಿ ತಿರುಗಿಸಿ ಇಂಜಿನ್ನನ್ನು ಕೂದಲೆಳೆಯಷ್ಟು ಹಿಂದೆ ತಂದು, ಸಡಿಲ ಮಾಡಿ, ಸರಿಸಿ, ಮತ್ತೆ ಒರಗಿಸಿ ತಳ್ಳಿಕೊಂಡು ಹೋಗುತ್ತಾರೆ. ಕೈ ನಡುಗುತ್ತಿರುತ್ತದೆ, ರೈಲು ನಡುಗುವುದಿಲ್ಲ. ಅಲ್ಲಿ ‘ಕೊಂಡಿ ಕಳಚಿತು’ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅವರು ಕಳಚಿದರು, ಅಷ್ಟೇ ಸ್ಪಷ್ಟವಾಗಿ. ಸೌಕರ್ಯ ಒಬ್ಬರನ್ನು ವಾಕ್ಯದಿಂದ ತೆಗೆಯುತ್ತದೆ, ಇನ್ನೊಬ್ಬರನ್ನು ವಾಕ್ಯದೊಳಕ್ಕೆ ತರುತ್ತದೆ. ನನ್ನ ಪ್ರಬಂಧದ ಮೂರನೆಯ ಅಧ್ಯಾಯ ಇಲ್ಲಿಗೆ ಬಂದು ಆರು ತಿಂಗಳಿಂದ ನಿಂತಿದೆ.

ಈಚೆಗೆ ಕ್ಲಬ್ಬಿನಲ್ಲಿ ಹೊಸ ಯಾರ್ಡ್ ಕಟ್ಟುವ ಮಾತು ನಡೆದಿದೆ. ಅಯಸ್ಕಾಂತವನ್ನು ಸ್ಲೀಪರ್‌ಗಳ ಅಡಿಯಲ್ಲಿ ಯಾರಿಗೂ ಕಾಣದ ಹಾಗೆ ಹುಗಿಯುವುದೋ, ಹಳಿಗಳ ನಡುವೆ ಕಾಣುವಂತೆ ಇಡುವುದೋ ಎಂದು ಚರ್ಚೆ. ಹುಗಿದರೆ ಚೆಂದ, ಆದರೆ ಬೇಡದಲ್ಲೂ ಒಂದು ಕ್ಷಣ ಸಡಿಲವಾದ ಗಾಡಿ ಅಲ್ಲಿ ತುಂಡಾಗಿ ನಿಲ್ಲುತ್ತದೆ, ಎಲ್ಲಿ ಯಾಕೆ ಎಂದು ಹೊಸಬರಿಗೆ ತಿಳಿಯುವುದಿಲ್ಲ. ನಡುಗುವ ಕೈಯವರೂ ಕಡ್ಡಿಯವರೂ ಇಬ್ಬರೂ ಕಾಣುವಂತಿರಲಿ ಎಂದರು. ಉಳಿದವರು ಇನ್ನೂ ಯೋಚಿಸುತ್ತಿದ್ದಾರೆ.

ನಾನು ಒಂದು ಗೊಂಬೆಯ ಮಾತೆತ್ತಿದೆ. ಈ ಅಳತೆಯ ಗೊಂಬೆಗಳು ಪೊಟ್ಟಣಗಳಲ್ಲಿ ಸಿಗುತ್ತವೆ: ಬೆಂಚಿನ ಮೇಲೆ ಕೂತ ಪ್ರಯಾಣಿಕರು, ಗುದ್ದಲಿ ಹಿಡಿದ ಗ್ಯಾಂಗ್‌ಮನ್‌ಗಳು, ಪೆಟ್ಟಿಗೆ ಹೊತ್ತ ಹಮಾಲಿಗಳು. ಬಗ್ಗಿ ಕೊಳವೆ ಜೋಡಿಸುವವನೊಬ್ಬನನ್ನೂ ನಮ್ಮ ಯಾರ್ಡ್‌ನಲ್ಲಿ ಇಡಬಹುದಲ್ಲ ಎಂದೆ. ಮಾಜಿ ಕಂಡಕ್ಟರ್ ನಕ್ಕು, “ಎಲ್ಲಿ ಅಂಟಿಸುತ್ತೀ?” ಎಂದು ಕೇಳಿದರು. ಹಳಿಯ ಪಕ್ಕದಲ್ಲಿ ಅಂಟಿಸಿದರೆ ಅವನು ಗಾಳಿಯನ್ನು ಜೋಡಿಸುತ್ತಿರುತ್ತಾನೆ. ಅವನ ಜಾಗ ಎರಡು ಡಬ್ಬಿಗಳ ನಡುವೆ, ಹಳಿಯ ಮೇಲೆ. ಅಲ್ಲಿ ಅಂಟಿಸಿದರೆ, ಅವನು ಇರುವಷ್ಟು ಕಾಲ ಆ ಹಳಿಯಲ್ಲಿ ಯಾವ ರೈಲೂ ಅಲ್ಲಾಡುವಂತಿಲ್ಲ.